ಒಬ್ಬರೇ ನಡೆಸುವ ಹಾಯಿದೋಣಿ: ಅನುಕೂಲವಾದುದನ್ನು ಆರಿಸುವ ಬಗೆ

ಮುಂಬಯಿಯ ಅಪೋಲೋ ಬಂದರಿನ ಕಟ್ಟೆಯ ಮೇಲೆ ಗಾಳಿ ಸೇವನೆಗೆ ಹೋಗುವ ನಮ್ಮ ಸದಸ್ಯರು ಸಮುದ್ರದಲ್ಲಿ ತೇಲುವ ಸಣ್ಣ ಬಿಳಿಯ ಹಾಯಿಗಳನ್ನು ಕಂಡಿರಬಹುದು. ಹೈದರಾಬಾದಿನ ಬಂಧುಗಳಿಗೆ ಹುಸೇನ್ ಸಾಗರದಲ್ಲಿ, ಚೆನ್ನೈಯವರಿಗೆ ಅಲ್ಲಿಯ ಬಂದರಿನಲ್ಲಿ ಇದೇ ನೋಟ ದೊರೆಯುತ್ತದೆ. ಅವುಗಳಲ್ಲಿ ಎಷ್ಟೋ ದೋಣಿಗಳಲ್ಲಿ ಕುಳಿತಿರುವವರು ಒಬ್ಬರೇ. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದು ಕೈಯಲ್ಲಿ ಹಾಯಿಯ ಹಗ್ಗ.

ಇದು ಹಣವಂತರ ಆಟ, ನಮಗೇತಕ್ಕೆ ಎಂದು ಕೆಲವರು ಅನ್ನಬಹುದು. ಆದರೆ 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥದೇ ಒಂಟಿ ದೋಣಿಯಿಂದ ಭಾರತಕ್ಕೆ ಬೆಳ್ಳಿಯ ಪದಕ ತಂದ ನೇಹಾ ಠಾಕೂರ್ ಮಧ್ಯಪ್ರದೇಶದ ಒಬ್ಬ ರೈತರ ಮಗಳು. ಆಕೆ ಕಲಿತದ್ದು ಸಮುದ್ರವೇ ಇಲ್ಲದ ಭೋಪಾಲದಲ್ಲಿ. ಆದುದರಿಂದ ಈ ವಿದ್ಯೆಯನ್ನು ದೂರದಿಂದಲೇ ನೋಡಿ ಬಿಡಬೇಕಾದ ಕಾರಣವಿಲ್ಲ. ನಾವಾಗಲಿ ನಮ್ಮ ಮಕ್ಕಳಾಗಲಿ ಮುಂದೊಂದು ದಿನ ದೋಣಿಯನ್ನು ಹತ್ತುವುದಾದರೆ ಎಂಥದನ್ನು ಹತ್ತಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಕಾರವಾರ, ಕುಂದಾಪುರ, ಮಲ್ಪೆಗಳ ಕಡೆಯಿಂದ ಬಂದವರಿಗೆ ಹಾಯಿ ಹೊಸದಲ್ಲ. ಮಂಗಳೂರು ಹೆಂಚನ್ನು ಹೇರಿಕೊಂಡ ಮಂಜಿಗಳು ಹಾಯಿ ಬಿಚ್ಚಿ ಮುಂಬಯಿಗೆ ಬರುತ್ತಿದ್ದ ಕಾಲವೊಂದಿತ್ತು. ಆದರೆ ಮಂಜಿಯಲ್ಲಿ ಹಲವು ಕೈಗಳಿದ್ದವು, ಹೊಟ್ಟೆಯಲ್ಲಿ ಭಾರವಿತ್ತು. ಡಿಂಗಿ ಎಂದು ಕರೆಯುವ ಈ ಸಣ್ಣ ತೆರೆದ ದೋಣಿಯಲ್ಲಿ ಅವೆರಡೂ ಇಲ್ಲ. ಗಾಳಿ ಹಾಯಿಯನ್ನು ಒಂದು ಕಡೆಗೆ ಒತ್ತಿದಾಗ ದೋಣಿ ವಾಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸುವ ಭಾರ ಎಂದರೆ ನಡೆಸುವವನ ಮೈಯೊಂದೇ. ದೋಣಿ ಅಡ್ಡಲಾಗಿ ಜಾರದಂತೆ ನಡುವಿನಲ್ಲಿ ಒಂದು ಹಲಗೆಯನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಆ ಹಲಗೆ, ಹಾಯಿ, ಚುಕ್ಕಾಣಿ ಮೂರನ್ನೂ ಒಬ್ಬನೇ ನೋಡಿಕೊಳ್ಳಬೇಕು.

ಲೋಕದಲ್ಲಿ ಹೆಚ್ಚು ಪ್ರಚಾರದಲ್ಲಿರುವ ಒಂಟಿ ದೋಣಿ ಲೇಸರ್. ಕೆನಡಾದ ಬ್ರೂಸ್ ಕರ್ಬಿ ಎಂಬವರು ಇದರ ನಕ್ಷೆ ಬರೆದರು; 1971ರಲ್ಲಿ ಮಾರಾಟಕ್ಕೆ ಬಂತು. ಇಂದಿನವರೆಗೆ 2 ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. 1996ರಿಂದ ಒಲಿಂಪಿಕ್ ಪಂದ್ಯಗಳಲ್ಲಿಯೂ ಇದೆ. ಈಗ ಇದನ್ನು ಐ.ಎಲ್.ಸಿ.ಎ. ಎಂಬ ಹೆಸರಿನಿಂದ ಕರೆಯುತ್ತಾರೆ. ಉದ್ದ ಸುಮಾರು 14 ಅಡಿ, ಒಡಲಿನ ತೂಕ 59 ಕಿಲೋ. ಒಡಲು ಒಂದೇ ಆದರೂ ಹಾಯಿಗಳು ಮೂರು ಅಳತೆಯವು: ಸುಮಾರು 7 ಚದರ ಮೀಟರಿನದು ಭಾರವಾದ ಆಳಿಗೆ, 5.7 ಚದರ ಮೀಟರಿನದು ನಡುತರದವರಿಗೆ, 4.7 ಚದರ ಮೀಟರಿನದು ಹಗುರಾದವರಿಗೂ ಹುಡುಗರಿಗೂ. ಚೆನ್ನೈಯ ನೇತ್ರಾ ಕುಮಾನನ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಡೆಸಿದ್ದು ನಡುವಿನ ಅಳತೆಯ ಹಾಯಿಯನ್ನು.

ಹಾಗಾದರೆ ಲೇಸರನ್ನೇ ಆರಿಸಿದರಾಯಿತಲ್ಲ ಎಂದು ಕೇಳಬಹುದು. ವೇಗಕ್ಕೆ, ಪಂದ್ಯಕ್ಕೆ ಅದು ಸರಿ. ಸುಖವಾಗಿ ಒಂದೆರಡು ತಾಸು ತಿರುಗಾಡಿ ಬರಬೇಕೆನ್ನುವವನಿಗೆ ಅದು ಅಷ್ಟೇನೂ ಮೆತ್ತಗಿನ ದೋಣಿಯಲ್ಲ. ಅನುಕೂಲವೆಂಬುದು ಬರಿಯ ಕುಳಿತುಕೊಳ್ಳುವ ಜಾಗದ ಮಾತಲ್ಲ. ಅದನ್ನು ಐದು ಕಡೆಯಿಂದ ಪರೀಕ್ಷಿಸಬೇಕು.

ಮೊದಲನೆಯದು ಕೂರುವ ರೀತಿ. ಲೇಸರಿನಲ್ಲಿ ಕಾಲಿಡುವ ಗುಳಿ ಆಳವಿಲ್ಲ. ಗಾಳಿ ಬಲವಾದಾಗ ಪಾದಗಳನ್ನು ಒಂದು ಪಟ್ಟಿಗೆ ಸಿಕ್ಕಿಸಿ ಮೈಯನ್ನು ಪೂರ್ತಿ ಹೊರಕ್ಕೆ ಚಾಚಬೇಕು. ತೊಡೆಗೂ ಮೊಣಕಾಲಿಗೂ ಇದು ದೊಡ್ಡ ಶ್ರಮ. ಹಗಲೆಲ್ಲ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವ ಮೈಗೆ ಇದು ಒಂದೇ ದಿನದಲ್ಲಿ ಒಗ್ಗುವುದಿಲ್ಲ. ಬದಿಗಳು ಅಗಲವಾಗಿ ಚಪ್ಪಟೆಯಾಗಿದ್ದು ಕಾಲು ಇಳಿಬಿಡಲು ಆಳವಾದ ಜಾಗವಿರುವ ದೋಣಿಯೇ ಮಧ್ಯ ವಯಸ್ಸಿನವರಿಗೆ ಹಿತ.

ಎರಡನೆಯದು ತಲೆಯ ಕ್ಷೇಮ. ಹಾಯಿಯ ಕೆಳಗಿನ ಅಂಚನ್ನು ಹಿಡಿದಿರುವ ಅಡ್ಡಗೋಲಿಗೆ ಬೂಮ್ ಎನ್ನುತ್ತಾರೆ. ಗಾಳಿ ಹಿಂದಿನಿಂದ ಬೀಸುವಾಗ ದೋಣಿ ತಿರುಗಿದರೆ ಅದು ಈ ಬದಿಯಿಂದ ಆ ಬದಿಗೆ ರಭಸದಿಂದ ಬರುತ್ತದೆ. ಲೇಸರಿನ ಬೂಮ್ ತಗ್ಗಿನಲ್ಲಿದೆ. ಪ್ರತಿ ಸಲವೂ ಚೆನ್ನಾಗಿ ಬಗ್ಗಲೇಬೇಕು. ಆದುದರಿಂದ ದೋಣಿಯನ್ನು ನೋಡುವಾಗ ನೆಲದ ಮೇಲಿರುವಾಗಲೇ ಒಳಗೆ ಕುಳಿತು ಬೂಮ್ ತಲೆಯ ಮೇಲೆ ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಳ್ಳಬೇಕು.

ಮೂರನೆಯದು ಹಾಯಿಯನ್ನು ಇಳಿಸುವ ಸೌಕರ್ಯ. ಲೇಸರಿನ ಹಾಯಿಗೆ ಅಂಗಿಯ ತೋಳಿನಂಥ ಚೀಲವಿದ್ದು ಅದನ್ನು ಕಂಬಕ್ಕೆ ತೊಡಿಸಿರುತ್ತಾರೆ. ಕಂಬವನ್ನೇ ಕೀಳದೆ ನೀರಿನ ಮೇಲೆ ಅದನ್ನು ಇಳಿಸುವಂತಿಲ್ಲ. ದಡದಲ್ಲಿ ಯಾವ ಅಳತೆಯ ಹಾಯಿ ಕಟ್ಟಿದೆವೋ ಅದರಲ್ಲೇ ಮರಳಬೇಕು. ಹಗ್ಗ ಸಡಿಲಿಸಿದೊಡನೆ ಇಳಿಯುವ ಹಾಯಿ, ಗಾಳಿ ಹೆಚ್ಚಿದಾಗ ಮಡಿಸಿ ಕಿರಿದು ಮಾಡಬಹುದಾದ ಹಾಯಿ ಇದ್ದರೆ ಒಂಟಿಯವನಿಗೆ ಧೈರ್ಯ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಡಿಂಗಿ ಮಗುಚಿಯೇ ಮಗುಚುತ್ತದೆ. ಅದು ಅಪಮಾನವಲ್ಲ, ಪಾಠದ ಒಂದು ಭಾಗ. ಮಗುಚಿದೊಡನೆ ಹಾಯಿಯ ಹಗ್ಗವನ್ನು ಸಡಿಲ ಬಿಡಬೇಕು. ತಳದ ಕಡೆಗೆ ಈಜಿ ಬಂದು ನಡುಹಲಗೆಯ ಮೇಲೆ ಭಾರ ಹಾಕಿ, ದೋಣಿಯ ಅಂಚನ್ನು ಹಿಡಿದು ಹಿಂದಕ್ಕೆ ವಾಲಬೇಕು. ಆಗ ಕಂಬ ನೀರಿನಿಂದ ಮೇಲೆದ್ದು ದೋಣಿ ನೆಟ್ಟಗಾಗುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ನೋಡಬೇಕು. ನಮ್ಮ ತೂಕಕ್ಕೆ ಆ ದೋಣಿ ಏಳುತ್ತದೆಯೆ? ಎದ್ದ ಮೇಲೆ ನೀರಿನಿಂದ ಒಳಗೆ ಹತ್ತಲು ನಮಗೆ ಸಾಧ್ಯವೆ? 50 ಕಿಲೋ ತೂಗುವ ಸಣಕಲು ಆಳು ದೊಡ್ಡ ಹಾಯಿಯ ದೋಣಿಯನ್ನು ಕೊಂಡರೆ ನೀರಿನಲ್ಲಿ ತೇಲುತ್ತ ಇನ್ನೊಬ್ಬರ ದಾರಿ ಕಾಯಬೇಕಾದೀತು.

ಐದನೆಯದು ದಡದ ಕೆಲಸ. ಇಂಗ್ಲೆಂಡಿನಲ್ಲಿ ಹೆಸರಾದ ವೇಫೇರರ್ ಎಂಬ 16 ಅಡಿಯ ದೋಣಿ ನೀರಿನ ಮೇಲೆ ಬಹು ಭದ್ರ. 1963ರಲ್ಲಿ ಫ್ರ್ಯಾಂಕ್ ಡೈ ಎಂಬವರು ಒಬ್ಬ ಜೊತೆಗಾರನೊಡನೆ ಅದರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೆ ಹೋಗಿದ್ದರು. ಆದರೆ ಅದರ ಒಡಲು ಸುಮಾರು 170 ಕಿಲೋ. ನೀರಿನ ಮೇಲೆ ಒಬ್ಬನೇ ನಡೆಸಿದರೂ ದಡಕ್ಕೆ ಎಳೆಯಲು ನಾಲ್ಕು ಜನ ಬೇಕು.

ಈ ಐದು ಪರೀಕ್ಷೆಗಳ ದೃಷ್ಟಿಯಿಂದ ಎರಡು ದೋಣಿಗಳನ್ನು ಹೆಸರಿಸಬಹುದು. ಮೊದಲನೆಯದು ಸೋಲೋ. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ್ದು. ಉದ್ದ ಹನ್ನೆರಡೂವರೆ ಅಡಿ, ತೂಕ 70 ಕಿಲೋ. ಅಗಲವಾದ ಚಪ್ಪಟೆ ಬದಿ, ಏರಿಸಿ ಇಳಿಸಬಹುದಾದ ಹಾಯಿ. ಇದರ ನಡುಹಲಗೆ ತಿರುಗಣೆಯ ಮೇಲಿರುವುದರಿಂದ ನೆಲ ತಾಗಿದರೆ ತಾನೇ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಅಲ್ಲಿಯ ಕೆರೆ ನದಿಗಳಲ್ಲಿ ವಯಸ್ಸಾದವರು ಕೂಡ ಇದನ್ನು ನಡೆಸುತ್ತಾರೆ.

ಎರಡನೆಯದರ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. 1962ರಲ್ಲಿ ಅದೇ ಜ್ಯಾಕ್ ಹೋಲ್ಟ್, ಮನೆಗೆಲಸದ ರಿಪೇರಿಯನ್ನು ಟೆಲಿವಿಷನ್ನಿನಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಅವರೊಡನೆ ಸೇರಿ ಮಿರರ್ ಎಂಬ ದೋಣಿಯನ್ನು ಸಿದ್ಧಪಡಿಸಿದರು. ಲಂಡನ್ನಿನಲ್ಲಿ ಕಾರ್ಮಿಕರು ಓದುತ್ತಿದ್ದ ‘ಡೈಲಿ ಮಿರರ್’ ಪತ್ರಿಕೆಯೇ ಅದನ್ನು ಪ್ರಚಾರಕ್ಕೆ ತಂದಿತು, ಹೆಸರೂ ಅದರದೇ. ಪ್ಲೈವುಡ್ಡಿನ ತುಂಡುಗಳನ್ನು ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಕೊಂಡವನು ತಾಮ್ರದ ತಂತಿಯಿಂದ ಅವುಗಳನ್ನು ಹೊಲಿದು, ಸಂದುಗಳಿಗೆ ಗಾಜಿನ ನೂಲಿನ ಪಟ್ಟಿಯನ್ನೂ ಅಂಟನ್ನೂ ಹಚ್ಚಿ ಮನೆಯಲ್ಲೇ ದೋಣಿ ಕಟ್ಟುತ್ತಿದ್ದ. ಬೆಲೆ ಆಗ 63 ಪೌಂಡು 11 ಶಿಲಿಂಗು. ಹೀಗೆ 70 ಸಾವಿರ ದೋಣಿಗಳು ನೀರಿಗಿಳಿದವು. ಉದ್ದ 11 ಅಡಿಗೆ ತುಸು ಕಡಿಮೆ, ತೂಕ 45 ಕಿಲೋ. ಹುಟ್ಟು ಹಾಕಿಯೂ ನಡೆಸಬಹುದು. ಒಬ್ಬರಿಗೆ ಧಾರಾಳ, ಮಗುವೊಂದನ್ನು ಕೂರಿಸಿಕೊಂಡರೂ ಜಾಗವುಂಟು. ವೇಗ ಕಡಿಮೆ ಎಂಬುದೊಂದೇ ಕೊರತೆ. ಮಗುಚಿ ಎದ್ದ ಮೇಲೆ ಒಳಗಿನ ನೀರನ್ನು ಬಾಲ್ದಿಯಿಂದ ಎತ್ತಿ ಚೆಲ್ಲುವ ಕೆಲಸವೂ ಇದೆ.

ದೋಣಿಯೊಡನೆ ನೀರನ್ನೂ ತೂಗಿ ನೋಡಬೇಕು. ಹುಸೇನ್ ಸಾಗರದಂಥ ಕೆರೆಯಲ್ಲಿ ಗಾಳಿ ನಿಂತರೆ ದೋಣಿ ಇದ್ದಲ್ಲೇ ಇರುತ್ತದೆ. ಮುಂಬಯಿಯಲ್ಲಿ ಹಾಗಲ್ಲ. ಅಲ್ಲಿ ಭರತ ಇಳಿತಗಳ ಸೆಳೆತ ಬಲವಾದುದು. ಗಾಳಿ ಸತ್ತಾಗ ಇಳಿತವಿದ್ದರೆ ಹಗುರ ದೋಣಿಯನ್ನು ಹೊರಕ್ಕೆ ಒಯ್ಯುತ್ತದೆ. ಅಲ್ಲಿ ಹುಟ್ಟಿಲ್ಲದ ದೋಣಿಯಲ್ಲಿ ಒಬ್ಬರೇ ಹೋಗುವುದು ತಪ್ಪು. ಮಳೆಗಾಲದಲ್ಲಂತೂ ಹೋಗಲೇಬಾರದು. ಹೈದರಾಬಾದಿನಲ್ಲಿ ಮಾತ್ರ ಮಳೆಗಾಲದ ಗಾಳಿಯೇ ಅನುಕೂಲ. ಲೇಸರ್ ಪಂದ್ಯಗಳು ಅಲ್ಲಿ ಜುಲೈ ತಿಂಗಳಲ್ಲಿ ನಡೆಯುತ್ತ ಬಂದಿವೆ.

ಸ್ವಂತ ದೋಣಿ ಕೊಳ್ಳುವ ಮಾತು ಸಂಬಳದ ಜನಕ್ಕೆ ಕೊನೆಯದು. ಕಲಿಸುವವರ ದೋಣಿಯಲ್ಲಿ ಒಂದು ಋತು ಕಳೆದ ಮೇಲೆಯೇ ನಮ್ಮ ಮೈಗೆ ಯಾವುದು ಹಿತ ಎಂಬುದು ತಿಳಿಯುತ್ತದೆ. ಮಕ್ಕಳಿಗಾದರೆ ಆಪ್ಟಿಮಿಸ್ಟ್ ಎಂಬ 8 ಅಡಿಯೊಳಗಿನ ಪುಟ್ಟ ದೋಣಿಯಿಂದ ಆರಂಭ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳಿಗೆಂದೇ ಹುಟ್ಟಿದ ದೋಣಿ ಅದು. ಹುಸೇನ್ ಸಾಗರದಲ್ಲಿ ಬಡ ಮನೆಗಳ ಮಕ್ಕಳು ಅದರಲ್ಲಿ ಕಲಿತು ರಾಷ್ಟ್ರೀಯ ಪಂದ್ಯಗಳವರೆಗೆ ಬಂದಿದ್ದಾರೆ.

ಕೊಳ್ಳುವ ದಿನ ಬಂದಾಗ ಮಾಡಬೇಕಾದ ಪರೀಕ್ಷೆ ಇಷ್ಟು. ಶಾಂತವಾದ ನೀರಿನಲ್ಲಿ, ಜೀವರಕ್ಷಕ ಅಂಗಿ ತೊಟ್ಟು, ಸಹಾಯದ ದೋಣಿ ಹತ್ತಿರವಿರುವಾಗ, ಆ ದೋಣಿಯನ್ನು ಬೇಕೆಂದೇ ಮಗುಚಬೇಕು. ಎತ್ತಿ ನಿಲ್ಲಿಸಿ ಹತ್ತಬೇಕು. ದಣಿದ ಮೇಲೆ ಮತ್ತೊಂದು ಸಲ ಹಾಗೆಯೇ ಮಾಡಬೇಕು. ಎರಡನೆಯ ಸಲವೂ ಎದ್ದರೆ ಆ ದೋಣಿ ನಮ್ಮದು. ಏಳದಿದ್ದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಬೆಲೆ ಎಷ್ಟೇ ಇಳಿದಿರಲಿ, ಅದು ಬೇರೆಯವರ ದೋಣಿ.