ಏಳುವ ನೆಲ, ಮುಳುಗಿದ ಹಡಗು: ಸ್ಟಾಕ್‌ಹೋಮ್ ನಗರದರ್ಶನ

ಪುತ್ತೂರಿನ ಸಮೀಪದ ಕೆದಂಬಾಡಿಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಾದರೋ ಜೂನ್ ತಿಂಗಳ ಹಗಲು ಹದಿನೆಂಟೂವರೆ ಗಂಟೆ. ಡಿಸೆಂಬರಿನದು ಆರೇ ಗಂಟೆ. ಕೆದಂಬಾಡಿಯು ಭೂಮಧ್ಯರೇಖೆಯಿಂದ 13 ಡಿಗ್ರಿಯೊಳಗೆ ಇದ್ದರೆ, ಆ ನಗರವು 59 ಡಿಗ್ರಿಗೂ ಮಿಗಿಲಾದ ಉತ್ತರ ಅಕ್ಷಾಂಶದಲ್ಲಿದೆ. ಭೂಮಿಯ ಅಕ್ಷದ ಓರೆಯೇ ಈ ವೈಚಿತ್ರ್ಯಕ್ಕೆ ಕಾರಣ.

ಹದಿನಾಲ್ಕು ದ್ವೀಪಗಳ ಮೇಲೆ ಹಬ್ಬಿರುವ ಈ ನಗರದ ಹೆಸರು 1252ರ ಪತ್ರಗಳಲ್ಲಿಯೇ ಕಾಣಿಸುತ್ತದೆ. ಹಳೆಯ ಪಟ್ಟಣದ ಇಕ್ಕಟ್ಟಾದ ಓಣಿಗಳು ಮಧ್ಯಯುಗದವು. 1950ರಲ್ಲಿ ಆರಂಭವಾದ ಸುರಂಗ ರೈಲಿನ ಕೆಲವು ನಿಲ್ದಾಣಗಳಾದರೋ ಬಂಡೆಯನ್ನು ಕೊರೆದು ಮಾಡಿದ ಗುಹೆಗಳು. ಅಲ್ಲಿ ಬರಿಯ ಬಂಡೆಯ ಮೈಯೇ ಚಿತ್ರಕಾರನ ಭಿತ್ತಿಯಾಗಿದೆ.

ಈ ಬಂಡೆ ನಿಶ್ಚಲವಲ್ಲ! ಹಿಮಯುಗದಲ್ಲಿ ಸ್ಕಾಂಡಿನೇವಿಯದ ಮೇಲೆ ಕಿಲೋಮೀಟರುಗಳ ದಪ್ಪದ ಹಿಮರಾಶಿ ಹೇರಿಕೊಂಡಿತ್ತು. ಆ ಭಾರಕ್ಕೆ ಕುಸಿದಿದ್ದ ನೆಲವು, ಹಿಮ ಕರಗಿ ಸುಮಾರು ಹತ್ತು ಸಾವಿರ ವರ್ಷ ಕಳೆದರೂ, ಇನ್ನೂ ಮೇಲೇಳುತ್ತಿದೆ. ಸ್ಟಾಕ್‌ಹೋಮಿನಲ್ಲಿ ಇದರ ವೇಗ ವರ್ಷಕ್ಕೆ ಸುಮಾರು 5 ಮಿಲಿಮೀಟರ್. ಹಿಂದೆ ಸಮುದ್ರದ ಕೊಲ್ಲಿಯಾಗಿದ್ದ ಮೆಲಾರೆನ್ ಇದರಿಂದಲೇ ಸರೋವರವಾಯಿತು. ಉಷ್ಣತಾಮಾನದಿಂದ ಪ್ರಸಿದ್ಧನಾದ ಸೆಲ್ಸಿಯಸ್, 1731ರಲ್ಲಿ ಸ್ವೀಡನ್ನಿನ ಕರಾವಳಿಯ ಒಂದು ಬಂಡೆಯ ಮೇಲೆ ನೀರಿನ ಮಟ್ಟವನ್ನು ಕೆತ್ತಿ ಗುರುತಿಸಿದನು. ಸಮುದ್ರವೇ ಬತ್ತುತ್ತಿದೆಯೆಂದು ಆತನು ಊಹಿಸಿದ್ದನು. ಊಹೆ ಬಿದ್ದುಹೋಯಿತು, ಅಳತೆಯ ಗುರುತು ಉಳಿಯಿತು.

ವಿಜ್ಞಾನದ ವಿದ್ಯಾರ್ಥಿಯು ತಪ್ಪದೆ ನೋಡಬೇಕಾದುದು ವಾಸಾ ಎಂಬ ಯುದ್ಧನೌಕೆ. 64 ಫಿರಂಗಿಗಳನ್ನು ಹೊತ್ತ ಈ ಹಡಗು 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿ ಸುಮಾರು 1,300 ಮೀಟರ್ ಸಾಗಿ, ಒಂದು ಗಾಳಿಯ ಹೊಡೆತಕ್ಕೆ ವಾಲಿತು. ಫಿರಂಗಿಗಳ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಸುಮಾರು ಮೂವತ್ತು ಜನ ಮಡಿದರು.

ಕಾರಣವೇನು? ಹೊಳೆ ದಾಟುವ ದೋಣಿಯಲ್ಲಿ ಎದ್ದುನಿಂತವನನ್ನು ಅಂಬಿಗನು ಕೂಡಲೇ ಕುಳ್ಳಿರಿಸುವುದಿಲ್ಲವೆ? ಗುರುತ್ವಕೇಂದ್ರ ಮೇಲಕ್ಕೆ ಹೋದಷ್ಟೂ, ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುವ ಸಾಮರ್ಥ್ಯ ಕುಗ್ಗುತ್ತದೆ. ವಾಸಾ ಹಡಗಿನ ಮೇಲ್ಭಾಗ ಅತಿ ಭಾರವಾಗಿತ್ತು. ಯಾನಕ್ಕೆ ಮುನ್ನ ಮೂವತ್ತು ನಾವಿಕರನ್ನು ಅಟ್ಟದ ಮೇಲೆ ಅತ್ತಿಂದಿತ್ತ ಓಡಿಸಿ ಪರೀಕ್ಷಿಸಿದ್ದರು. ಹಡಗು ಹೊಯ್ದಾಡಿದ ಪರಿಯನ್ನು ಕಂಡು, ಮೂರೇ ಓಟಕ್ಕೆ ಪರೀಕ್ಷೆಯನ್ನು ನಿಲ್ಲಿಸಿದರು. ಆದರೆ ಯಾನವನ್ನು ನಿಲ್ಲಿಸಲಿಲ್ಲ, ಅರಸನು ಅವಸರಪಡಿಸುತ್ತಿದ್ದನು.

1961ರಲ್ಲಿ ಹಡಗನ್ನು ಮೇಲೆತ್ತಿದಾಗ ಅದರ ಒಡಲು ಬಹುಮಟ್ಟಿಗೆ ಅಖಂಡವಾಗಿತ್ತು. ನಮ್ಮ ಕಡಲಿನಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳುವಿನ ಜಾತಿಯವು ಉಪ್ಪು ಕಡಮೆಯಿರುವ ಆ ನೀರಿನಲ್ಲಿ ಬದುಕಲಾರವು. ಒಣಗಿ ಬಿರಿಯದಂತೆ ಮರಕ್ಕೆ 17 ವರ್ಷಗಳ ಕಾಲ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ಸಿಂಪಡಿಸಿದರು.

ಇದೇ ನಗರದ ಸಂಗೀತ ಭವನದಲ್ಲಿ 1930ರ ಡಿಸೆಂಬರ್ 10ರಂದು ಚಂದ್ರಶೇಖರ ವೆಂಕಟರಾಮನ್ ಅವರು ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದರು. ಪ್ರಯೋಗವು ತೋರಿಸಿದ ಸೂಕ್ಷ್ಮವಾದ ಬೆಳಕಿನ ವ್ಯತ್ಯಾಸವನ್ನು ಅವರು ಅಲಕ್ಷಿಸದೆ ಬೆನ್ನಟ್ಟಿದುದರ ಫಲವದು. ವಾಸಾದ ಅಟ್ಟದ ಮೇಲೆ ನಡೆದುದೂ ಪ್ರಯೋಗವೇ. ಅದರ ಉತ್ತರವನ್ನು ಮನ್ನಿಸುವವರು ಮಾತ್ರ ಇರಲಿಲ್ಲ.