ಪುಟ್ಟ ಎಂಜಿನಿಗೆ ಹೊಸ ಕೀಲೆಣ್ಣೆ

ಗಾಡಿಯ ಅಚ್ಚಿಗೆ ಎಣ್ಣೆ ಹಾಕದಿದ್ದರೆ ಗಾಲಿಯು ಕಿರುಗುಟ್ಟಿ ದೂರು ಹೇಳುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಎಂಜಿನು ಹಾಗಲ್ಲ. ಅದರ ಗದ್ದಲದಲ್ಲಿ ಒಳಗಿನ ಸವೆತದ ಸದ್ದು ಕಿವಿಗೆ ಬೀಳದು. ಬೀಳುವ ವೇಳೆಗೆ ಕಾಲ ಮಿಂಚಿರುತ್ತದೆ.

1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗನು ಪೇಟೆಂಟು ಪಡೆದ ಯಂತ್ರವನ್ನು ಮನುಷ್ಯರೇ ತಳ್ಳಬೇಕಾಗಿತ್ತು. ಇಂದು ಅನೇಕ ಯಂತ್ರಗಳಿಗೆ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನಿದೆ. ಅದು ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಪಿಸ್ಟನ್ನು ಸೆಕೆಂಡಿಗೆ 50 ಬಾರಿ ಮೇಲೇರಿ 50 ಬಾರಿ ಕೆಳಗಿಳಿಯುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ಎಣ್ಣೆಯ ತೆಳು ಪೊರೆಯಿಲ್ಲದಿದ್ದರೆ, ಘರ್ಷಣೆಯ ಶಾಖದಿಂದ ಅವು ಕೆಲವೇ ನಿಮಿಷಗಳಲ್ಲಿ ಒಂದನ್ನೊಂದು ಕಚ್ಚಿಕೊಂಡು ನಿಲ್ಲಬಹುದು.

ಕಾರಿನ ಎಂಜಿನಿನಲ್ಲಿ ಪಂಪು ಎಣ್ಣೆಯನ್ನು ಒತ್ತಿ ಹರಿಸುತ್ತದೆ. ಶೋಧಕವು ಕೊಳೆಯನ್ನು ಹಿಡಿದಿಡುತ್ತದೆ. ಈ ಪುಟ್ಟ ಎಂಜಿನುಗಳಲ್ಲಿ ಬಹುಪಾಲಿಗೆ ಇವೆರಡೂ ಇಲ್ಲ. ತಿರುಗುವ ಭಾಗವೊಂದು ತಳದ ಎಣ್ಣೆಯನ್ನು ಸುತ್ತಲೂ ಎರಚುತ್ತದೆ, ಅಷ್ಟೆ. ಸವೆದ ಲೋಹದ ಕಣಗಳು, ಮಸಿ, ದಹನದಿಂದ ಹುಟ್ಟಿದ ನೀರು ಮತ್ತು ಆಮ್ಲಗಳು ಸುಮಾರು ಅರ್ಧ ಲೀಟರು ಎಣ್ಣೆಯಲ್ಲಿಯೇ ಸೇರಿಕೊಳ್ಳುತ್ತವೆ. ಆದುದರಿಂದಲೇ ಎಣ್ಣೆಯನ್ನು ಬದಲಿಸಬೇಕು. ಹೊಸ ಎಂಜಿನಿನಲ್ಲಿ ಸವೆತ ಹೆಚ್ಚಾದುದರಿಂದ ಮೊದಲ ಬದಲಾವಣೆಯನ್ನು 5 ಗಂಟೆಗಳ ಕೆಲಸದ ನಂತರವೂ, ಮುಂದೆ 50 ಗಂಟೆಗಳಿಗೊಮ್ಮೆಯೂ ಮಾಡಬೇಕೆಂದು ಹಲವು ತಯಾರಕರು ಸೂಚಿಸುತ್ತಾರೆ. ಪೆಟ್ರೋಲಿನೊಡನೆಯೇ ಎಣ್ಣೆ ಬೆರೆಸುವ ಎರಡು ಹೊಡೆತದ ಎಂಜಿನಿಗೆ ಈ ಮಾತು ಅನ್ವಯಿಸದು.

ಮೊದಲು ಎಂಜಿನನ್ನು ಕೆಲವು ನಿಮಿಷ ನಡೆಸಿ ನಿಲ್ಲಿಸಬೇಕು. ಬೆಚ್ಚಗಾದ ಎಣ್ಣೆಯ ಸ್ನಿಗ್ಧತೆ ತಗ್ಗಿ, ಅದು ಸರಾಗವಾಗಿ ಹರಿಯುತ್ತದೆ. ಕಲಕಿದ ಕೊಳೆಯೂ ಅದರೊಡನೆ ಹೊರಬರುತ್ತದೆ. ಬಳಿಕ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಲೇಬೇಕು. ಕತ್ತರಿಸುವ ಅಲಗು ಎಂಜಿನಿನ ದಂಡಕ್ಕೇ ಜೋಡಿಸಿರುವುದರಿಂದ, ಅಲಗನ್ನು ತಿರುಗಿಸಿದರೆ ಪಿಸ್ಟನ್ನು ಚಲಿಸಿ ಕಿಡಿ ಹೊತ್ತಬಹುದು. ಬೆರಳುಗಳು ಹೋಗಲು ಅಷ್ಟು ಸಾಕು. ತಳದಲ್ಲಿ ಬಿರಡೆಯಿದ್ದರೆ ಅದನ್ನು ತೆಗೆದು ಎಣ್ಣೆಯನ್ನು ಬಸಿಯಬಹುದು. ಇಲ್ಲದಿದ್ದರೆ ಪೆಟ್ರೋಲ್ ಟ್ಯಾಂಕನ್ನು ಬರಿದುಮಾಡಿ, ಗಾಳಿಶೋಧಕವು ಮೇಲಿರುವಂತೆ ಯಂತ್ರವನ್ನು ವಾಲಿಸಬೇಕು. ಅನಂತರ ಯಂತ್ರವನ್ನು ಸಮತಟ್ಟಾಗಿ ನಿಲ್ಲಿಸಿ, ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನು ಅಳತೆಯ ಕಡ್ಡಿಯ ಗುರುತಿನವರೆಗೆ ತುಂಬಬೇಕು. ಕಡಮೆಯಾದರೆ ಸವೆತ, ಹೆಚ್ಚಾದರೆ ಹೊಗೆ.

ಉಳಿದ ಕಪ್ಪೆಣ್ಣೆಯನ್ನು ಚರಂಡಿಗೆ ಸುರಿಯುವುದು ಸಲ್ಲದು. ನೀರಿನ ಮೇಲೆ ಅದು ತೆಳುವಾಗಿ ಹರಡಿ, ಗಾಳಿಯ ಆಮ್ಲಜನಕವು ಒಳಸೇರದಂತೆ ತಡೆಯುತ್ತದೆ. ಭಾರತದಲ್ಲಿ 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳೊಂದಿಗೆ ಸೇರಿಸಿವೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಶುದ್ಧೀಕರಣಕ್ಕೆ ಕಳುಹಿಸುವ ವಾಹನ ದುರಸ್ತಿಯ ಅಂಗಡಿಗೆ ಕೊಡುವುದು ಸರಿಯಾದ ಮಾರ್ಗ. ಎಣ್ಣೆಯ ಮೂಲ ದ್ರವವು ಬಳಕೆಯಿಂದ ಬಹುಮಟ್ಟಿಗೆ ನಾಶವಾಗುವುದಿಲ್ಲ, ಮಲಿನವಾಗುತ್ತದೆ. ಕೊಳೆಯನ್ನು ಕಳೆದರೆ ಅದೇ ಎಣ್ಣೆ ಮತ್ತೊಂದು ಎಂಜಿನಿನ ಕೀಲುಗಳನ್ನು ಕಾಯಬಲ್ಲದು.