ಒತ್ತಡದಿಂದ ಬದಲಾಗುವ ಬೆಳಕು

ಅಂಗಡಿಗಳ ಲೇಸರ್ ಬಾರ್‌ಕೋಡ್ ಯಂತ್ರ ಹಾಗೂ ಆಪ್ಟಿಕಲ್ ಫೈಬರ್ ಜಾಲಗಳ ಇಂದಿನ ಮಿತವ್ಯಯಕ್ಕೆ ಅಧಿಕ ಒತ್ತಡದ ಪ್ರಯೋಗಗಳೂ ಕಾರಣವಾಗಿವೆ.

ಅರೆವಾಹಕವು ಹೊರಸೂಸುವ ಬೆಳಕಿನ ಬಣ್ಣವನ್ನು ಅದರ ಎಲೆಕ್ಟ್ರಾನುಗಳ ಶಕ್ತಿಪಟ್ಟಿಗಳ ನಡುವಿನ ಅಂತರ ನಿರ್ಧರಿಸುತ್ತದೆ. ಒತ್ತಡ ಹೇರಿದಾಗ ಪರಮಾಣುಗಳು ಪರಸ್ಪರ ಸಮೀಪಿಸುವುದರಿಂದ ಈ ಅಂತರವು ಬದಲಾಗುತ್ತದೆ. ಗ್ಯಾಲಿಯಂ ಆರ್ಸೆನೈಡ್ ಸಾಮಾನ್ಯವಾಗಿ ಸುಮಾರು 870 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕನ್ನು ನೀಡುತ್ತದೆ. ವಾಯುಮಂಡಲದ ಸುಮಾರು 10,000 ಪಟ್ಟು ಒತ್ತಡದಲ್ಲಿ ಅದು 810ರ ಆಸುಪಾಸಿಗೆ ಇಳಿಯುತ್ತದೆ. ಸುಮಾರು 40,000 ಪಟ್ಟು ಮೀರಿದರೆ ಬೆಳಕು ಬಹುಮಟ್ಟಿಗೆ ಕ್ಷೀಣಿಸುತ್ತದೆ.

ಇಂತಹ ಒತ್ತಡಯಂತ್ರವನ್ನು ಮಾರಾಟದ ಸರಕಿನಲ್ಲಿ ಅಳವಡಿಸಲಾಗದು. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಅಧಿಕ ಒತ್ತಡದ ಅಧ್ಯಯನದಲ್ಲಿ ತೊಡಗಿದ್ದ ಆಲ್ಫ್ ಆಡಮ್ಸ್ ಅವರು 1986ರಲ್ಲಿ ಬೇರೊಂದು ಮಾರ್ಗವನ್ನು ಪ್ರತಿಪಾದಿಸಿದರು. ಪರಮಾಣು ಅಂತರ ಭಿನ್ನವಾಗಿರುವ ಹರಳಿನ ಮೇಲೆ ತೆಳುಪದರವನ್ನು ಬೆಳೆಸಿದರೆ, ಅದು ಆಧಾರಕ್ಕೆ ಹೊಂದಿಕೊಳ್ಳುವಾಗ ಉಂಟಾಗುವ ಬಿಗಿತವು ಪದರದಲ್ಲಿಯೇ ಉಳಿಯುತ್ತದೆ. ಇದರಿಂದ ಲೇಸರ್ ಬೆಳಗಲು ಬೇಕಾದ ವಿದ್ಯುತ್ತೂ ಹೊಮ್ಮುವ ಶಾಖವೂ ತಗ್ಗುತ್ತವೆ.

ಆದರೆ ಅನಪೇಕ್ಷಿತ ಬಿಗಿತವು ಹಾನಿಕರ. ಬೆಸುಗೆ ತಣಿಯುವಾಗ ಚಿಪ್‌ನ ಮೇಲೆ ಬೀಳುವ ಸೆಳೆತವು ತರಂಗಾಂತರವನ್ನು ಬದಲಿಸಬಲ್ಲದು, ಬಾಳಿಕೆಯನ್ನೂ ಕುಗ್ಗಿಸಬಲ್ಲದು. ಆದುದರಿಂದ ಲೇಸರ್ ಬಿಡಿಭಾಗಗಳನ್ನು ಜೋಡಿಸುವ ಸಣ್ಣ ಉದ್ಯಮಿಗಳು ಬೆಸುಗೆಯ ಉಷ್ಣತೆ ಹಾಗೂ ತಣಿಸುವ ವೇಗದ ಬಗ್ಗೆ ತಯಾರಕರು ನೀಡಿದ ಮಿತಿಗಳನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಅಗತ್ಯ.